ಪೆನ್ಸಿಲಿನಲ್ಲಿ ಬರೆದ ಸಂಖ್ಯೆ

ತಾಂಪೆರೆ, ನವೆಂಬರ್ ೧೮

ಪ್ರೀತಿಯ ತಮ್ಮ ಓಸ್ಕರಿ,

ನಿನ್ನ ಬೆನ್ನುನೋವು ಹೇಗಿದೆ? ಔಲುವಿನಲ್ಲಿ ಆಗಲೇ ಮೊಣಕಾಲುದ್ದ ಹಿಮವಂತೆ. ಉಣ್ಣೆಯ ಪಟ್ಟಿ ಸೊಂಟಕ್ಕೆ ಸುತ್ತಿಕೊಳ್ಳುತ್ತೀಯೋ, ಇಲ್ಲ ಅದು ಕಾರಿನ ಹಿಂದಿನ ಸೀಟಿನಲ್ಲೇ ಬಿದ್ದಿದೆಯೋ? ಅಮ್ಮ ಆರಾಮವಾಗಿದ್ದಾಳೆ, ಏಲಕ್ಕಿ ಬನ್ನು ಮಾಡಿದಾಗಲೆಲ್ಲ ನಿನ್ನ ಪಾಲನ್ನು ಎತ್ತಿಡುತ್ತಾಳೆ. ಆರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ.

ಕಳೆದ ವಾರ ಪ್ರಯೋಗಾಲಯದ ಗೆಳತಿ ರೈಲಿ ನಿನ್ನ ಕಂಪನಿ ಮಾರುವ ಶಾಖ ತಡೆಯುವ ಗೋಡೆ ಹಲಗೆಯ ಕರಪತ್ರ ತಂದು ನನ್ನ ಮೇಜಿನ ಮೇಲಿಟ್ಟಳು. "ನಿನ್ನ ತಮ್ಮ ಭಾರಿ ಚುರುಕು ಕಣೇ. ಕೂಸಿಗೆ ತೊಂಬತ್ತು ದಿನ ತುಂಬೋ ಮೊದಲೇ ನಾಮಕರಣ ಮುಗಿಸಿಬಿಟ್ಟಿದ್ದಾನೆ" ಅಂದಳು. ನಗುತ್ತಲೇ ಕೈಗೆತ್ತಿಕೊಂಡೆ. ಶಾಖ ದಾಟುವ ಪ್ರಮಾಣ ಇಪ್ಪತ್ತಾರು, ಅಳೆದವರು ಹೆಲಿ ಕೊರ್ಪೆಲಾ ಎಂದಿತ್ತು. ಆ ಇಪ್ಪತ್ತಾರನ್ನು ನಾನು ಬರೆದದ್ದು ಪೆನ್ಸಿಲಿನಲ್ಲಿ.

ಪೆನ್ಸಿಲ್ ಏಕೆಂದು ನಿನಗೆ ಗೊತ್ತಿಲ್ಲವೆಂದರೆ ನಂಬಲಾರೆ. ನಿನ್ನ ಕಾಲೇಜಿನ ಎರಡನೇ ಬೇಸಿಗೆಯಿಡೀ ಇದೇ ಪ್ರಯೋಗಾಲಯದಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದವನು ನೀನು. ಪ್ಲಾಸ್ಟಿಕ್ ಹಲಗೆಗೆ ಉಕ್ಕಿನ ಪಾತ್ರೆಯಲ್ಲಿ ಒತ್ತಡ ಹಾಕಿ ಇಂಗಾಲದ ಡೈಆಕ್ಸೈಡ್ ಅನಿಲ ಕುಡಿಸುತ್ತೇವೆ, ಒತ್ತಡವನ್ನು ತಟ್ಟನೆ ಇಳಿಸಿ ಬಿಸಿ ಮಾಡುತ್ತೇವೆ, ಕಣ್ಣಿಗೆ ಕಾಣದಷ್ಟು ಸಣ್ಣ ಕೋಟಿ ಗುಳ್ಳೆಗಳು ಒಮ್ಮೆಗೇ ಅರಳುತ್ತವೆ. ಅನಿಲ ಇನ್ನೂ ಒಳಗಿರುವ ಮೊದಲ ದಿನ ಹಲಗೆ ಶಾಖವನ್ನು ಬಿಗಿಯಾಗಿ ತಡೆಯುತ್ತದೆ, ಸಂಖ್ಯೆ ಚಿಕ್ಕದಾಗಿ ಬರುತ್ತದೆ. ಆಮೇಲೆ ಅನಿಲ ಮೆಲ್ಲಗೆ ಹೊರಬಿದ್ದು ಬರೀ ಗಾಳಿ ಒಳಸೇರುತ್ತದೆ, ಸಂಖ್ಯೆ ಏರುತ್ತದೆ. ಅದಕ್ಕೇ ನಮ್ಮಲ್ಲಿ ಮೊದಲ ದಿನದ್ದು ಪೆನ್ಸಿಲಿನಲ್ಲಿ, ತೊಂಬತ್ತನೆಯ ದಿನದ್ದು ಮಾತ್ರ ಪೆನ್ನಿನಲ್ಲಿ. "ಅಕ್ಕಾ, ಮನುಷ್ಯರನ್ನೂ ಹೀಗೇ ತೊಂಬತ್ತು ದಿನ ಕಪಾಟಲ್ಲಿಟ್ಟು ಅಳೀಬೇಕು ನೋಡು" ಎಂದು ಆಗ ನೀನೇ ತಮಾಷೆ ಮಾಡಿದ್ದೆ. ನಿನ್ನನ್ನು ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ಓಸ್ಕರಿ.

ಆಗಸ್ಟಿನಲ್ಲಿ ನೀನು ಪ್ರಯೋಗಾಲಯಕ್ಕೆ ಬಂದ ದಿನ ನನಗೆಷ್ಟು ಸಂತೋಷವಾಗಿತ್ತು. ಕಾಫಿ ತರಲು ಹೋಗಿ, ನಿನಗೆ ಹಾಲು ಬೇಕೆಂದು ಅರ್ಧ ದಾರಿಯಿಂದ ಮತ್ತೆ ಹಿಂದಕ್ಕೆ ಹೋದೆ. ಅಷ್ಟರಲ್ಲಿ ನೀನು ನನ್ನ ಅಳತೆ ಪುಸ್ತಕದ ಫೋಟೋ ತೆಗೆದೆ. ಕರಪತ್ರದಲ್ಲಿ ಆ ಪುಟವೂ ಇದೆ. ಪೆನ್ಸಿಲಿನ ಬೂದುಬಣ್ಣ ಅಚ್ಚಿನಲ್ಲಿ ಕಪ್ಪಾಗಿದೆ, ಸಂಖ್ಯೆಯ ಪಕ್ಕ ನಾನು ಬರೆದಿದ್ದ 'ಮೊದಲ ದಿನ' ಎಂಬ ಮಾತನ್ನು ಕತ್ತರಿಸಿದ್ದಾರೆ. ಅದನ್ನು ಕತ್ತರಿಸಿದ ಕೈ ಯಾರದೆಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಆ ಹಲಗೆಗಳು ಹೋಗುವುದು ರುವೊವೆಸಿಯ ಶಿಶುವಿಹಾರದ ಗೋಡೆಗೆ. ಅಮ್ಮ ಇಪ್ಪತ್ತೆರಡು ವರ್ಷ ಮಕ್ಕಳ ಒದ್ದೆ ಕೈಗವಸು ಒಣಗಿಸಿದ ಮನೆ ಅದು. ಪುರಸಭೆಯ ಜೊತೆಗಿನ ಒಪ್ಪಂದಕ್ಕೆ ಶುಕ್ರವಾರ ಸಹಿ ಬೀಳುತ್ತದಂತೆ. ಜನವರಿಯಲ್ಲಿ ಆ ಮಕ್ಕಳು ಮಧ್ಯಾಹ್ನ ಮಲಗುವುದು ಗೋಡೆಯ ಪಕ್ಕ, ನೆಲದ ಮೇಲೆ. ಆ ಗೋಡೆ ಬೆಚ್ಚಗಿರುತ್ತದೆಂದು ನನ್ನ ಹೆಸರು ಹೇಳುತ್ತಿದೆ.

ಅಮ್ಮನಿಗೆ ಏನೂ ಹೇಳಿಲ್ಲ. ಬೆನ್ನು ನೋಡಿಕೋ, ಹಿಮದಲ್ಲಿ ನಿಧಾನವಾಗಿ ಕಾರು ಓಡಿಸು.

ನಿನ್ನ ಅಕ್ಕ,
ಹೆಲಿ

ಮರೆತೆ: ಆ ಹಲಗೆಗೆ ನಿನ್ನೆ ತೊಂಬತ್ತು ದಿನ ತುಂಬಿತು. ಮೂವತ್ತನಾಲ್ಕು. ಪೆನ್ನಿನಲ್ಲಿ ಬರೆದು, ಸಹಿ ಹಾಕಿ, ಇವತ್ತು ಬೆಳಿಗ್ಗೆಯೇ ಪುರಸಭೆಗೆ ಕಳಿಸಿದ್ದೇನೆ. ಇದು ನಿನ್ನ ಕೈಸೇರುವ ಮೊದಲೇ ಅವರು ಓದಿರುತ್ತಾರೆ. ಹಲಗೆ ಹದಿನೈದು ಸೆಂಟಿಮೀಟರಿನ ಬದಲು ಇಪ್ಪತ್ತು ದಪ್ಪವಿದ್ದರೆ ಸಾಕು, ಗೋಡೆ ನೀನು ಹೇಳಿದಷ್ಟೇ ಬೆಚ್ಚಗಿರುತ್ತದೆ. ಕಾಫಿ ಕುಡಿಯುತ್ತಾ ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ.