ಸಾಜಿದಾಳ ಹೆಸರಿಗೆ ಒಂದು ಒಪ್ಪೋಲೆ

ನ್ಯಾಮತಿ,
೧೮ ನವೆಂಬರ್ ೨೦೨೪

ಪ್ರೀತಿಯ ಸೊಸೆ ಸಾಜಿದಾಳಿಗೆ ಮಾವ ಗೌಸ್‌ಪೀರನ ಸಲಾಂ.

ಹತ್ತನೆಯ ತಾರೀಖಿನ ಪತ್ರದಲ್ಲಿ ನಾನು ಒಂದು ದಿನಾಂಕವನ್ನು ತಪ್ಪಾಗಿ ಬರೆದೆ. ಆ ತಪ್ಪಿನ ಮೇಲೆ ಒಂದು ಆರೋಪವನ್ನೂ ಕಟ್ಟಿದೆ. ಎರಡಕ್ಕೂ ಕ್ಷಮೆ ಕೇಳುತ್ತೇನೆ. ನಲವತ್ತು ವರ್ಷ ಪರರ ಕರಡು ತಿದ್ದಿದವನು ತನ್ನ ಪತ್ರವನ್ನು ಎರಡನೆಯ ಸಲ ಓದದೆ ಲಕೋಟೆಗೆ ಹಾಕಿದನೆಂಬುದು ನಾಚಿಕೆಯ ವಿಷಯ. ನಿನ್ನ ತಾಯಿಯವರ ಸೊಂಟದ ನೋವು ಹೇಗಿದೆ? ಜಗಳೂರಿನ ಚಳಿಗಾಳಿಗೆ ಅವರನ್ನು ಹೊರಗೆ ಕೂರಿಸಬೇಡ. ನಿನ್ನ ಅತ್ತೆ ಮೆಹರಾಜ್ ಬೇಗಂ ಕ್ಷೇಮ. ನನ್ನೊಡನೆ ಮಾತ್ರ ಮಾತು ಕಡಿಮೆ ಮಾಡಿದ್ದಾಳೆ.

ನೀನು ಆರನೆಯ ತಾರೀಖು ತವರಿಗೆ ಹೊರಟೆ. ಏಳರಂದು ವಿದ್ಯುತ್ತಿಲ್ಲದೆ ನಮ್ಮ ಮುದ್ರಣಾಲಯ ಮುಚ್ಚಿತ್ತು. ಎಂಟರ ಬೆಳಗ್ಗೆ ಐದು ಗಣಕಗಳ ಪೈಕಿ ಒಂದಕ್ಕೂ, ಪುಟಗಳನ್ನೆಲ್ಲ ಕೂಡಿಟ್ಟಿರುವ ಸರ್ವರು ಸಿಗಲಿಲ್ಲ. (ಈ ಪದಕ್ಕೆ ತಕ್ಕ ಕನ್ನಡವನ್ನು ಇನ್ನೂ ಹುಡುಕುತ್ತಿದ್ದೇನೆ, ಸದ್ಯಕ್ಕೆ ಸಹಿಸಿಕೊಂಡಿದ್ದೇನೆ.) ನಲ್ಲೂರಿನ ಶಂಕರಮ್ಮನವರ ಮಗಳು ಪವಿತ್ರಳ ಮದುವೆಯ ಕರೆಯೋಲೆ ಅದರೊಳಗೇ ಸಿಕ್ಕಿಬಿತ್ತು. ಹೊನ್ನಾಳಿಯಿಂದ ಬಂದವರು ತಂತಿ ಬದಲಿಸಿದರು. ದೀಪಗಳು ಹಸಿರಾಗಿ ಮಿನುಗಿದವು, ಕಡತ ಮಾತ್ರ ತೆರೆಯಲಿಲ್ಲ. ಕೊನೆಯ ಬಾರಿ ಸರ್ವರನ್ನು ಮುಟ್ಟಿದವಳು ನೀನು, ಆದ್ದರಿಂದ ಕೆಡಿಸಿದವಳೂ ನೀನೇ ಎಂದು ತರ್ಕಿಸಿ, ‘ಆರರಂದೇ ನಿಂತಿತು’ ಎಂದು ಬರೆದುಬಿಟ್ಟೆ. ನಮ್ಮ ಬಂಧುಗಳಲ್ಲಿ ಬಂದ ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದುವ ರೂಢಿಯಿರುವುದನ್ನು ಮರೆತೆ. ನಿನ್ನ ತವರಿನಲ್ಲಿ ಹಾಗೆಯೇ ಓದಿದರಂತೆ. ‘ನಾ ಇನ್ನ ಪ್ರೆಸ್ಸಿನ ಕಂಪ್ಯೂಟರ್ ಮುಟ್ಟಲ್ಲ, ಬ್ಯಾರೆಯವ್ರು ನೋಡ್ಕಣ್ಲಿ’ ಎಂದು ನೀನು ಫೋನಿನಲ್ಲಿ ಹೇಳಿದೆಯೆಂದು ಮಗ ಜಮೀರ್ ತಿಳಿಸಿದ. ಅದಕ್ಕೆ ನಿನ್ನ ಅತ್ತೆ, ‘ಊರಿನ ತಪ್ಪೆಲ್ಲ ತಿದ್ದಾಕೆ ಬರ್ತೈತೆ ನಿಮ್ಗೆ. ನಿಮ್ದು ಯಾರು ತಿದ್ದಬೇಕ್ರೀ?’ ಎಂದಳು.

ಹದಿನೈದರಂದು ಚನ್ನಗಿರಿಯಿಂದ ಓಂಕಾರ್ ಎಂಬ ತಂತ್ರಜ್ಞ ಬಂದರು. ಒಂದು ಗಣಕದ ವಿಳಾಸದ ಅಂಕಿಗಳನ್ನು ನೋಡಿ ನಕ್ಕರು. ‘ಅಜ್ಜಾರೆ, ಇದು ನಿಮ್ಮ ಸರ್ವರ್ ಕೊಟ್ಟ ವಿಳಾಸ ಅಲ್ಲ. ಮನೆಯಾಗೆ ಇನ್ನೊಬ್ಬ ಯಜಮಾನ ಸೇರ್ಕಂಡಾನೆ, ಹುಡುಕ್ರಿ.’ ನಾನು ಹುಡುಕಬೇಕಾಗಿರಲಿಲ್ಲ. ನಾನು ಕರಡು ತಿದ್ದುವ ಕೋಣೆಯಲ್ಲಿ ಫೋನು ಹಿಡಿಯದು. ಫೋನಿನಲ್ಲಿ ನಿನ್ನ ಮುಖ ನೋಡಿ ಮಾತನಾಡೋಣವೆಂದು ಏಳರ ಸಂಜೆ, ವಿದ್ಯುತ್ತು ಬಂದ ಮೇಲೆ, ವೈಫೈ ಪೆಟ್ಟಿಗೆಯೊಂದನ್ನು ತಂದು ತಂತಿಗಳು ಕೂಡುವಲ್ಲಿ ಖಾಲಿಯಿದ್ದ ಕಿಂಡಿಗೆ ನಾನೇ ಸಿಕ್ಕಿಸಿದ್ದೆ. ಗಣಕಗಳು ಒಂದಕ್ಕೊಂದು ಸಿಗಲು ಬೇಕಾದ ವಿಳಾಸ ಹಂಚುವುದು ಸರ್ವರಿನ ಕೆಲಸ. ಆ ಪೆಟ್ಟಿಗೆಯೂ ತನ್ನದೇ ಬೇರೆ ವಿಳಾಸಗಳನ್ನು ಹಂಚತೊಡಗಿತು. ಇನ್ನೊಬ್ಬ ಹಂಚುವವನನ್ನು ಕಂಡೊಡನೆ ನಮ್ಮ ಹಳೆಯ ವಿಂಡೋಸ್ ಸರ್ವರು ತನ್ನ ಹಂಚಿಕೆಯನ್ನು ತಾನೇ ನಿಲ್ಲಿಸಿಬಿಡುತ್ತದಂತೆ. ‘ಕೆಟ್ಟಿಲ್ಲರೀ, ಮುನಿಸ್ಕಂಡೈತೆ’ ಎಂದರು ಓಂಕಾರ್. ಸರ್ವರು ತಾನು ನಿಲ್ಲಿಸಿದ ಹೊತ್ತನ್ನೂ ತನ್ನ ದಿನಚರಿಯಲ್ಲಿ ಬರೆದಿಟ್ಟಿತ್ತು: ಏಳನೆಯ ತಾರೀಖು, ಸಂಜೆ ಐದು ಗಂಟೆ ನಲವತ್ತು ನಿಮಿಷ. ನೀನಾಗ ಜಗಳೂರಿನಲ್ಲಿದ್ದೆ.

ಆ ಕಿಂಡಿಯ ಮೇಲೆ ‘ಇಲ್ಲಿ ಏನನ್ನೂ ಸಿಕ್ಕಿಸಬೇಡಿ’ ಎಂದು ನೀನು ಚೀಟಿ ಅಂಟಿಸಿದ್ದೆ. ಮುದ್ರಣಾಲಯಕ್ಕೆ ಕೈಬರಹದ ಚೀಟಿ ಶೋಭಿಸದು, ಅಚ್ಚು ಹಾಕಿಸಿ ಅಂಟಿಸುತ್ತೇನೆ ಎಂದು ರಂಜಾನಿಗೆ ಮುಂಚೆ ಅದನ್ನು ಕಿತ್ತವನು ನಾನು. ಅಚ್ಚೂ ಹಾಕಿಸಲಿಲ್ಲ, ಚೀಟಿ ನನ್ನ ಮೇಜಿನೊಳಗೇ ಉಳಿಯಿತು.

ಪೆಟ್ಟಿಗೆಯನ್ನು ತೆಗೆದು ಸರ್ವರಿನ ಹಂಚಿಕೆಯನ್ನು ಮತ್ತೆ ಆರಂಭಿಸಿದ ಮೇಲೂ ಎರಡು ಮುದ್ರಣಯಂತ್ರಗಳು ಗಣಕಗಳಿಗೆ ಸಿಗಲಿಲ್ಲ. ಮೊದಲು ಹೊನ್ನಾಳಿಯಿಂದ ಬಂದವರು ಅವುಗಳ ವಿಳಾಸದ ಅಂಕಿಗಳನ್ನೇ ಬದಲಿಸಿ ಹೋಗಿದ್ದರು. ಆಗ ಜಮೀರ್ ನಿನ್ನ ನೀಲಿ ರಟ್ಟಿನ ಪುಸ್ತಕ ತಂದ. ಯಾವ ಯಂತ್ರಕ್ಕೆ ಯಾವ ವಿಳಾಸ, ಯಾವ ತಂತಿ ಎಲ್ಲಿಗೆ ಎಂಬುದೆಲ್ಲ ಅದರಲ್ಲಿತ್ತು. ‘ಯಾರ್ರೀ ಇದನ್ನ ಬರ್ದಿದ್ದು? ಇದಿಲ್ದಿದ್ರೆ ನಾ ಎರಡು ದಿನ ಇಲ್ಲೇ ಹಾಸಿಗೆ ಹಾಸ್ಕಬೇಕಿತ್ತು’ ಎಂದರು ಓಂಕಾರ್. ನನ್ನ ಸೊಸೆ ಎಂದೆ. ಹಾಗೆ ಹೆಮ್ಮೆಪಡುವ ಅರ್ಹತೆ ಅಂದು ನನಗಿರಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲವೂ ನಡೆಯಿತು. ಪವಿತ್ರಳ ಕರೆಯೋಲೆ ಅಂದೇ ಅಚ್ಚಾಗಿ ನಲ್ಲೂರಿನ ಬಸ್ಸು ಹತ್ತಿತು. ನಾನು ಬೈದಿದ್ದರೂ ನನ್ನನ್ನು ಕಾಪಾಡಿದ್ದು ನಿನ್ನ ಅಕ್ಷರಗಳೇ. ಈ ಮನೆ ನಿನಗೆ ಋಣಿ, ಮಗಳೇ.

ನಿನ್ನ ತಾಯಿಯವರು ಬೇಗನೆ ತಮ್ಮ ಕಾಲ ಮೇಲೆ ಓಡಾಡುವಂತಾಗಲಿ ಎಂದು ಐದು ಹೊತ್ತೂ ಬೇಡುತ್ತಿದ್ದೇನೆ.

ನಿನ್ನ ಮಾವ,
ಗೌಸ್‌ಪೀರ್

ಬರೆಯಲು ಉಳಿದದ್ದು: ತಪ್ಪು ಅಚ್ಚಾದರೆ ಅದನ್ನು ತಿದ್ದುವ ಒಪ್ಪೋಲೆಯನ್ನೂ ಅಚ್ಚು ಹಾಕಿ, ತಪ್ಪು ಹೋದ ಮನೆಗಳಿಗೆಲ್ಲ ತಲುಪಿಸುವುದು ನಮ್ಮ ಪದ್ಧತಿ. ಹೊನ್ನಾಳಿಯಲ್ಲಿ, ಸವಳಂಗದಲ್ಲಿ ನಾನು ಯಾರೆದುರು ನಿನ್ನನ್ನು ದೂರಿದ್ದೆನೋ ಅವರಿಗೆಲ್ಲ ಕಳುಹಿಸಿದ್ದೇನೆ. ನಿನ್ನ ಪ್ರತಿ ಕೆಳಗಿದೆ. ಅದೇ ಜನರ ಮುಂದೆ, ಅಷ್ಟೇ ಗಟ್ಟಿಯಾಗಿ ಓದಿಸು. ಮುದ್ರಣಾಲಯಕ್ಕೆ ಬರುವುದು ಬಿಡುವುದು ನಿನ್ನ ಇಚ್ಛೆ. ನಿನ್ನ ಕೈಬರಹದ ಚೀಟಿಯನ್ನು ಮಾತ್ರ ಇದ್ದಲ್ಲಿಯೇ ಮತ್ತೆ ಅಂಟಿಸಿದ್ದೇನೆ.

ಒಪ್ಪೋಲೆ

೬ ನವೆಂಬರ್: ‘ಸಾಜಿದಾ ಸರ್ವರನ್ನು ಕೆಡಿಸಿದ ದಿನ’ ಎಂಬುದನ್ನು ‘ಎಲ್ಲವನ್ನೂ ಸರಿಯಾಗಿಟ್ಟು ತವರಿಗೆ ಹೊರಟ ದಿನ’ ಎಂದು ಓದಿಕೊಳ್ಳುವುದು.

೭ ನವೆಂಬರ್: ‘ಮುದ್ರಣಾಲಯದೊಳಗೆ ಯಾರೂ ಕಾಲಿಡಲಿಲ್ಲ’ ಎಂಬುದನ್ನು ‘ಗೌಸ್‌ಪೀರ್ ಕಾಲಿಟ್ಟ’ ಎಂದು ಓದಿಕೊಳ್ಳುವುದು.

೧೦ ನವೆಂಬರ್: ‘ಸೊಸೆಯ ತಪ್ಪು’ ಎಂಬುದನ್ನು ‘ಮಾವನ ತಪ್ಪು’ ಎಂದು ಓದಿಕೊಳ್ಳುವುದು.