ಉಡುವ ಸೀರೆಯನ್ನೂ ಸ್ವಚ್ಛಗೊಳಿಸಿದ ಭಾನುವಾರ

ಯುವ ಸೇವಾ ಯೋಜನೆಯ ಜಿಲ್ಲಾ ಸಂಯೋಜನಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ತಿಂಗಳು ನಂಜನಗೂಡಿನ ಸ್ನಾನಘಟ್ಟದಲ್ಲಿ ತಮ್ಮ ಯೋಜನೆಯ ಹೆಸರಿನಲ್ಲಿ ನಿಜವಾದ ಸೇವೆ ಸಲ್ಲಿಸಿದ ವಿದ್ಯಾರ್ಥಿನಿ, ನನಗೆ ತಿಳಿದಮಟ್ಟಿಗೆ, ಒಬ್ಬಳೇ. ತಮ್ಮ ದಾಖಲೆಯ ಪ್ರಕಾರ ಅಂದು ಗೈರುಹಾಜರಾದವಳೂ ಅವಳೊಬ್ಬಳೇ. ಅವಳು ನನ್ನ ಮಗಳು ಶಿವರಂಜನಿ, ಪ್ರಥಮ ಪಿಯುಸಿ ವಿದ್ಯಾರ್ಥಿನಿ. ಈ ಗೈರುಹಾಜರಿಯ ಕಾರಣಕ್ಕೆ, ಬರುವ ಭಾನುವಾರ ತಿ. ನರಸೀಪುರದ ಸಂಗಮದಲ್ಲಿ ನಡೆಯಲಿರುವ ಕಾರ್ಯಕ್ರಮದಿಂದ ಅವಳನ್ನು ಕೈಬಿಡಲಾಗಿದೆ. ಹೋಗಬೇಕೆಂದು ಅವಳಿಗೆ ಬಹಳ ಆಸೆಯಿದೆ. ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ನಾನು ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ಒಂದು ಸಾಮಾನ್ಯ ತಿಳಿವಳಿಕೆಯಿದೆ: ಒತ್ತಡ ಅಳೆಯುವ ಮಾಪಕವನ್ನು ಕೊಳವೆಗೆ ಜೋಡಿಸಬೇಕು. ಗೋಡೆಗೆ ಜೋಡಿಸಿದರೆ ಮುಳ್ಳು ಅಲುಗುವುದಿಲ್ಲ, ನೋಡಲು ಮಾತ್ರ ಚೆನ್ನಾಗಿರುತ್ತದೆ. ಹದಿಹರೆಯದ ಮಕ್ಕಳನ್ನು ಉತ್ತಮ ನಾಗರಿಕರನ್ನಾಗಿ ರೂಪಿಸುವುದು ತಮ್ಮ ಯೋಜನೆಯ ಗುರಿ ಎಂದು ಸುತ್ತೋಲೆ ಹೇಳುತ್ತದೆ. ಆ ಗುರಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಾವು ಅಳೆಯುತ್ತಿರುವುದು ಏನನ್ನು? ತುಂಬಿದ ಚೀಲಗಳನ್ನು, ಮತ್ತು ಬ್ಯಾನರ್ ಹಿಂದೆ ನಿಂತ ಮುಖಗಳನ್ನು. ಪೌರಪ್ರಜ್ಞೆ ಇವೆರಡರಲ್ಲಿ ಯಾವುದರೊಳಗೆ ಹರಿಯುತ್ತದೆ ಎಂದು ತಮ್ಮ ಅಭಿಪ್ರಾಯ?

ನಡೆದದ್ದನ್ನು ಹೇಳುತ್ತೇನೆ. ಈ ಭಾಗದವರಿಗೆ ವಿವರಿಸಬೇಕಾಗಿಲ್ಲ, ಆದರೆ ತಮ್ಮ ಸುತ್ತೋಲೆಯನ್ನು ಓದಿದ ಮೇಲೆ ವಿವರಿಸುವುದೇ ಒಳಿತೆನಿಸಿತು. ನಮ್ಮೂರಿಗೆ ಬರುವ ಎಷ್ಟೋ ಭಕ್ತರು ಕಪಿಲೆಯಲ್ಲಿ ಮುಳುಗೆದ್ದು, ಉಟ್ಟ ಬಟ್ಟೆಯನ್ನು ನೀರಿಗೆ ಬಿಡುತ್ತಾರೆ. ಬಟ್ಟೆಯ ಜೊತೆಗೆ ಕಾಯಿಲೆ, ಕಷ್ಟ, ದೋಷ ಎಲ್ಲವೂ ಹೋಗುತ್ತದೆಂಬುದು ನಂಬಿಕೆ. ಬಟ್ಟೆ ಮಾತ್ರ ಎಲ್ಲಿಗೂ ಹೋಗದೆ ಅಲ್ಲೇ ಕಲ್ಲಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಎತ್ತಿಸುವ ತಮ್ಮ ಆಲೋಚನೆ ಸರಿಯಾದದ್ದೇ. ಆದರೆ ಬಿಡುವವರು ಬದಲಿಗೆ ಉಡಲು ಇನ್ನೊಂದನ್ನು ಮೆಟ್ಟಿಲ ಮೇಲೆ ಇಟ್ಟಿರುತ್ತಾರೆ. ನೀರಿನಲ್ಲಿರುವುದು ಒದ್ದೆ, ಭಾರ, ಕೆಸರು. ಮೆಟ್ಟಿಲ ಮೇಲಿನದು ಒಣ, ಹಗುರ, ಮಡಿಸಿಟ್ಟದ್ದು. ಹೆಚ್ಚು ಚೀಲ ತುಂಬಿಸಿದ ತಂಡಕ್ಕೆ ಬಹುಮಾನವೆಂದು ತಾವು ಘೋಷಿಸಿದ್ದಿರಿ. ಬುದ್ಧಿವಂತ ಮಕ್ಕಳು ಯಾವುದನ್ನು ಎತ್ತಿಯಾರು?

ಹದಿನಾರು ಎಂಬ ಗ್ರಾಮದ ಪುಟ್ಟಗೌರಮ್ಮನವರು ವರ್ಷವಿಡೀ ಕಾಡಿದ ಕಾಯಿಲೆಯನ್ನು ಕಳೆದುಕೊಳ್ಳಲು ಅಂದು ಬಂದಿದ್ದರು. ಜೊತೆಗಿದ್ದ ಸೊಸೆ ಹಣ್ಣುಕಾಯಿ ತರಲು ಹೋಗಿದ್ದಳು. ಉಡುವ ಸೀರೆಯನ್ನು ಮಡಿಸಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟು ಅವರು ನೀರಿಗಿಳಿದರು. ನಮ್ಮ ಸ್ವಯಂಸೇವಕರು ಕಲ್ಲನ್ನು ಜೋಪಾನವಾಗಿ ಪಕ್ಕಕ್ಕಿಟ್ಟು ಸೀರೆಯನ್ನು ಚೀಲಕ್ಕೆ ತುಂಬಿದರು. ಚೀಲ ಟ್ರ್ಯಾಕ್ಟರ್ ಏರಿತು, ಟ್ರ್ಯಾಕ್ಟರ್ ಹೊರಟಿತು. ಅಜ್ಜಿ ಮುಳುಗೆದ್ದು ನೋಡಿದರೆ ಕಲ್ಲಿದೆ, ಸೀರೆಯಿಲ್ಲ.

"ಯಾರ್‌ಲಾ ಅದು, ನನ್ ಸೀರೆ ಎತ್ಕಂಡೋಗಿರೋದು? ಬುಡೋ ಸೀರೆ ಮೈಮ್ಯಾಲದೆ, ಉಡೋ ಸೀರೆ ನಿಮ್ ಟ್ಯಾಕ್ಟ್ರಲ್ಲದೆ! ಈಗ ನಾ ಬಸ್ಸತ್ತೋದು ಹೆಂಗ್ಲಾ?"

ಆ ಹೊತ್ತಿಗೆ ಹಾಜರಾತಿಯ ಫೋಟೋಗೆಂದು ಬ್ಯಾನರ್ ಬಿಚ್ಚಿ ಹಿಡಿದಾಗಿತ್ತು. ತಂಡದ ನಾಯಕ ಪ್ರೇಮ್‌ಕುಮಾರ್ ಕರೆದನಂತೆ: "ಲೇ ಶಿವಿ, ಬಾರೇ, ಫೋಟೋ! ಎರಡು ನಿಮಿಷ ನಿಂತು ಆಮೇಲೆ ಓಡು!" ಅವನನ್ನು ದೂರುವುದಿಲ್ಲ, ಅವನು ತಮ್ಮ ನಿಯಮವನ್ನು ನನ್ನ ಮಗಳಿಗಿಂತ ಚೆನ್ನಾಗಿ ಓದಿದ್ದ. ಅವಳು ನಿಲ್ಲಲಿಲ್ಲ. ಟ್ರ್ಯಾಕ್ಟರ್ ಹಿಂದೆ ಓಡಿದಳು. ಚಾಲಕ ಮಾದೇಶ್ ಪುಣ್ಯಕ್ಕೆ ಟೀ ಅಂಗಡಿಯ ಮುಂದೆ ನಿಲ್ಲಿಸಿದ್ದರು.

"ನೀವ್ ತುಂಬಿದ್ನ ನಾ ತಕಂಡ್ ಬಂದೆ ಕಣವ್ವ," ಎಂದರಂತೆ ಅವರು, ಲೋಟ ಕೆಳಗಿಡದೆ. "ನಂಗೇನ್ ಗೊತ್ತು ಯಾವ್ದು ಪಾಪ, ಯಾವ್ದು ಸೀರೆ ಅಂತ? ಅತ್ತಿ ಹುಡೀಕ."

ಹತ್ತಿ ಹುಡುಕಿದಳು. ಸೀರೆ ಸಿಕ್ಕಿತು, ಕೆಸರು ಅಂಚಿಗೆ ಮಾತ್ರ ತಾಗಿತ್ತು. ಹಿಂದಿರುಗಿದಾಗ ಪುಟ್ಟಗೌರಮ್ಮನವರು ಕುತ್ತಿಗೆಯವರೆಗೆ ನೀರಿನಲ್ಲೇ ಕುಳಿತಿದ್ದರು. "ನಿಧಾನಕ್ಕೆ ಬಾರವ್ವ, ಬಿದ್ಗಿದ್ದೀಯ. ಕಾಯಿಲೆ ಚೆನ್ನಾಗ್ ನೆನೀತಾ ಅದೆ," ಎಂದರು.

ತಾವು ದಯವಿಟ್ಟು ಗಮನಿಸಬೇಕಾದದ್ದು ಇನ್ನು ಮುಂದಿನದು. ಒಣ ಸೀರೆ ಉಟ್ಟ ಮೇಲೆ ಒದ್ದೆ ಸೀರೆಯನ್ನು ಕೈಯಲ್ಲಿ ಹಿಡಿದು ಆಕೆ ನದಿಯನ್ನೊಮ್ಮೆ, ಇನ್ನೂ ಏದುಸಿರು ಬಿಡುತ್ತಿದ್ದ ನನ್ನ ಮಗಳನ್ನೊಮ್ಮೆ ನೋಡಿದರು. "ನೀರ್ಗೆ ಬುಟ್ರೆ ಮತ್ತೆ ನೀವೇ ಬಂದು ಎತ್ಬೇಕಲ್ವಾ, ಮಗ?" ಎಂದು ಕೇಳಿದರು. ಅವಳು ಹೌದೆಂದಳು. "ತಗ ಅಂಗಾರೆ. ಮೂರ್ ಸಲ ಮುಳುಗ್ಸಿವ್ನಿ, ಅಷ್ಟ್ ಸಾಕು ಸ್ವಾಮಿಗೆ. ಒರೆಸಾಕಾದ್ರೂ ಮಡೀಕ."

ಅಂದು ಕಾಲೇಜಿನ ಮಕ್ಕಳು ಎತ್ತಿದಷ್ಟೇ ಬಟ್ಟೆ ಮಾರನೆಯ ವಾರ ಮತ್ತೆ ನದಿಯಲ್ಲಿತ್ತು. ಸೇತುವೆ ದಾಟುವಾಗ ನಾನೇ ಕಂಡಿದ್ದೇನೆ. ನದಿಗೆ ಬೀಳದೇ ಉಳಿದದ್ದು ಈ ಒಂದು ಸೀರೆ. ಇದನ್ನು ಉಳಿಸಿದ್ದು ಕೈಗವಸೂ ಅಲ್ಲ, ಚೀಲವೂ ಅಲ್ಲ; ಇಬ್ಬರು ಪರಸ್ಪರ ಆಡಿದ ನಾಲ್ಕು ಮಾತು. ಆ ಮಾತಿಗೆ ತಮ್ಮ ಹಾಜರಾತಿ ಆ್ಯಪ್‌ನಲ್ಲಿ ಕಾಲಂ ಇಲ್ಲ. (ಸೀರೆ ನಮ್ಮ ಮನೆಗೆ ಬಂದಾಗ ನನ್ನ ಪತ್ನಿ ವನಿತಾ "ಅವರ ಕಾಯಿಲೆ ನಮ್ಮ ಮನೆಗ್ಯಾಕೆ ತಂದ್ಯೇ?" ಎಂದು ಮಗಳನ್ನು ಗದರಿದಳು. ಕೊನೆಗೆ ನನ್ನ ಸ್ಕೂಟರ್ ಒರೆಸಲು ಎಂದು ರಾಜಿಯಾಯಿತು. ಈವರೆಗೆ ಒಂದು ಪಂಕ್ಚರ್ ಹೊರತಾಗಿ ಯಾವ ದೋಷವೂ ಕಂಡುಬಂದಿಲ್ಲ.)

ನ್ಯಾಯವಾಗಿ ಒಂದು ಮಾತನ್ನು ಒಪ್ಪಲೇಬೇಕು. ತಮ್ಮ ಯೋಜನೆ ಇಲ್ಲದಿದ್ದರೆ ನನ್ನ ಮಗಳು ಆ ಮೆಟ್ಟಿಲಿಗೆ ಹೋಗುತ್ತಲೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಅವಳು ಏಳುವುದನ್ನೇ ನಾನು ಕಂಡಿರಲಿಲ್ಲ. ಹಾಗಾಗಿ ಇಂಥ ಯೋಜನೆಗಳು ವ್ಯರ್ಥವೆಂದು ನಾನು ಹೇಳಲಾರೆ. ಅವು ಮಕ್ಕಳನ್ನು ಅಪರಿಚಿತರ ಎದುರು ತಂದು ನಿಲ್ಲಿಸುತ್ತವೆ. ಅದು ದೊಡ್ಡ ಕೆಲಸ. ಆದರೆ ತಂದು ನಿಲ್ಲಿಸಿದ ಮರುಕ್ಷಣ "ಅತ್ತ ನೋಡಬೇಡಿ, ಕ್ಯಾಮೆರಾ ನೋಡಿ" ಎನ್ನುವುದೇಕೆ?

ಹಾಜರಾತಿಯ ಬಗ್ಗೆ ಕಾಲೇಜಿನ ಸಂಯೋಜಕರನ್ನು ವಿಚಾರಿಸಿದೆ. "ಸರ್, ಆ್ಯಪ್‌ನಲ್ಲಿ ಮುಖ ಬಂದಿಲ್ಲ. ಮುಖ ಬರದೆ ಇದ್ರೆ ಬಂದಿಲ್ಲ ಅಂತಲೇ ಅಲ್ವಾ? ನಾನೇನ್ ಮಾಡ್ಲಿ ಹೇಳಿ?" ಎಂದರು. ಸಭ್ಯರು. ಅವರ ಮೇಲೂ ನನಗೆ ಕೋಪವಿಲ್ಲ. ಮಾಪಕವನ್ನು ಗೋಡೆಗೆ ಜೋಡಿಸಿದವರು ಅವರಲ್ಲ.

ಈಗ ಅದೇ ಕ್ರಮವನ್ನು 'ನಂಜನಗೂಡು ಮಾದರಿ' ಎಂದು ಕರೆದು ತಿ. ನರಸೀಪುರಕ್ಕೆ ಒಯ್ಯುತ್ತಿದ್ದೀರಿ. ಅಲ್ಲಿಯೂ ಮೆಟ್ಟಿಲುಗಳಿವೆ, ಮೀಯುವವರಿದ್ದಾರೆ, ಕಲ್ಲಿನಡಿ ಮಡಿಸಿಟ್ಟ ಬಟ್ಟೆಗಳಿವೆ. ಶಿವರಂಜನಿ ಅಲ್ಲಿಗೆ ಹೋಗಬಯಸುವುದು ಇದಕ್ಕಾಗಿಯೇ: ಎತ್ತುವ ಮುನ್ನ ಮೆಟ್ಟಿಲ ಮೇಲೆ ಕುಳಿತು ಒಬ್ಬೊಬ್ಬರನ್ನೂ ಮಾತನಾಡಿಸಲು. ನಾನು ಈ ಪತ್ರ ಬರೆಯುವುದನ್ನು ಕಂಡು ಅವಳು, "ಅಪ್ಪ, ಸರ್ಟಿಫಿಕೇಟ್ ಗಿರ್ಟಿಫಿಕೇಟ್ ಕೇಳಿ ಮರ್ಯಾದೆ ತೆಗೀಬೇಡಿ. ಭಾನುವಾರ ಸೇರಿಸ್ಕೊಳ್ಳಿ ಅನ್ನಿ, ಸಾಕು," ಎಂದಳು.

ಆದ್ದರಿಂದ ಹಾಜರಾತಿ ತಿದ್ದಿರೆಂದು ನಾನು ಕೇಳುವುದಿಲ್ಲ. ಅವಳನ್ನು ಭಾನುವಾರ ಸಂಗಮಕ್ಕೆ ಸೇರಿಸಿಕೊಳ್ಳಿ. ಚೀಲದ ಸ್ಪರ್ಧೆಯನ್ನು ಕೈಬಿಟ್ಟು, ಮೊದಲ ಒಂದು ಗಂಟೆ ಮಕ್ಕಳ ಕೈಗೆ ಏನನ್ನೂ ಕೊಡಬೇಡಿ, ಮಾತನಾಡಲು ಬಿಡಿ. ಇದಿಷ್ಟೇ ನನ್ನ ಬೇಡಿಕೆ.

ಅಂದಿನ ಬಹುಮಾನಿತ ತಂಡದ ಛಾಯಾಚಿತ್ರ ತಮ್ಮ ಕಚೇರಿಯ ಗೋಡೆಯ ಮೇಲಿದೆ. ಆದೇಶಕ್ಕೆ ಸಹಿ ಮಾಡುವ ಮುನ್ನ ಅದನ್ನೊಮ್ಮೆ ಹತ್ತಿರದಿಂದ ನೋಡಿ. ಬ್ಯಾನರಿನ ಎಡಗಡೆ, ಮಕ್ಕಳ ನಗುಮುಖಗಳ ಹಿಂದೆ, ನೀರಿನ ಮೇಲೆ ಒಂದು ತಲೆ ಕಾಣುತ್ತದೆ. ಅಡಿಬರಹದಲ್ಲಿ ತಾವು ಅದನ್ನು 'ಪುಣ್ಯಸ್ನಾನದಲ್ಲಿ ತಲ್ಲೀನ ಭಕ್ತೆ' ಎಂದಿದ್ದೀರಿ. ಆಕೆ ಸೀರೆಗಾಗಿ ಕಾಯುತ್ತಿದ್ದಾರೆ.

ಇಂತಿ,
ಆ ಚಿತ್ರದಲ್ಲಿ ಕಾಣದ ಹುಡುಗಿಯ ತಂದೆ,
ಗಂಗಾಧರಸ್ವಾಮಿ
ನಂಜನಗೂಡು