ಎರಡು ಸ್ಪೀಕರ್‌ಗಳ ನಡುವೆ

ನೆರೂಳ, ಸೆಕ್ಟರ್ ಹತ್ತು
೧೩ ಫೆಬ್ರವರಿ ೨೦೧೨, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ಹಿತೇಶ್ ಭಾವನ ಕೆಮ್ಮು ನಿಂತಿತೇ? ರಾಜಕೋಟ್‌ಗೆ ಹೋಗುವ ಮೊದಲು ಇಬ್ಬರೂ ಒಮ್ಮೆ ಡಾಕ್ಟರಿಗೆ ತೋರಿಸಿಕೊಳ್ಳಿ. ಹೊಸ ಊರಿನಲ್ಲಿ ಒಳ್ಳೆಯ ಡಾಕ್ಟರ್ ಸಿಗಲು ದಿನ ಹಿಡಿಯುತ್ತದೆ. ಇಲ್ಲಿ ನಾವು ಮೂವರೂ ಕ್ಷೇಮ. ಅಮ್ಮನ ಮಂಡಿ ಲಿಫ್ಟ್ ಕೆಟ್ಟ ದಿನ ಮಾತ್ರ ನೋಯುತ್ತದೆ.

ಇವತ್ತು ಬೆಳಿಗ್ಗೆ ಒಂದು ಸಣ್ಣ ಸಂಗತಿ ನೋಡಿದೆ. ನೆಲ ಒರೆಸಲು ಬರುವ ಚಂದ್ರಬಾಯಿ ಹಾಲ್‌ನಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಪಪ್ಪನ ಬೆತ್ತದ ಕುರ್ಚಿಯ ನಾಲ್ಕು ಕಾಲುಗಳ ಸುತ್ತ ಚಾಕ್‌ಪೀಸಿನಲ್ಲಿ ಬರೆದ ನಾಲ್ಕು ಸೊನ್ನೆಗಳು. "ತಾಈ, ಹೇ ಪುಸೂ ಕೀ ನಕೋ?" ಎಂದು ಕೇಳಿದಳು. ಒರೆಸಬೇಡ ಎಂದೆ. ಆ ಸೊನ್ನೆಗಳ ಕಥೆಯನ್ನೇ ನಿನಗೆ ಹೇಳಬೇಕಾಗಿದೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧದಲ್ಲೇ ಇಟ್ಟುಬಿಡುತ್ತೇನೆ, ನಿನಗೆ ಗೊತ್ತಲ್ಲ.

ನಾನು ಪಾಠ ಹೇಳುವ ಕ್ಲಾಸಿನ ವಿಳಾಸಕ್ಕೆ ನಿನ್ನ ಕಾಗದ ಬಂದು ಎರಡು ವಾರವಾಯಿತು. "ಊರು ಬಿಡುವ ಮೊದಲು ಒಂದು ಸಲ ಮನೆಗೆ ಬರಬೇಕು, ಬರಬಹುದಾ ಎಂದು ಪಪ್ಪನನ್ನು ಕೇಳು, ಅವರು ಹೂಂ ಅಂದರೆ ಮಾತ್ರ ಬರುತ್ತೇನೆ" ಎಂದು ನೀನು ಬರೆದಿದ್ದೆ. ನೀನು ಭಾವನನ್ನು ರಿಜಿಸ್ಟರ್ ಮದುವೆಯಾಗಿ ಬಂದ ದಿನ ಪಪ್ಪ ಸೊಸೈಟಿಯ ಗೇಟಿನಲ್ಲಿ, ಅಷ್ಟು ಜನರ ಎದುರು, "ಅವಳು ಇನ್ನು ಈ ಮನೆಗೆ ಬರುವುದು ಬೇಡ" ಅಂದರಲ್ಲ, ಆಮೇಲೆ ಈ ಮೂರು ವರ್ಷ ಅವರ ಬಾಯಿಂದ ನಿನ್ನ ಹೆಸರು ಬಂದಿಲ್ಲ. ನಾನು ದಿನಾ ಒಂದು ವಾಕ್ಯ ಜೋಡಿಸಿಕೊಂಡು ಅವರೆದುರು ನಿಲ್ಲುತ್ತಿದ್ದೆ. ಅವರು ತಲೆ ಎತ್ತಿ "ಎಂತ ಮಗಾ?" ಅಂದ ಕೂಡಲೇ "ಚಾ ಬೇಕಾ?" ಎಂದು ಕೇಳಿಬಿಡುತ್ತಿದ್ದೆ. ಈ ಎರಡು ವಾರದಲ್ಲಿ ಪಪ್ಪ ಕುಡಿದಷ್ಟು ಚಾ ಹೋಟೆಲಿನಲ್ಲಿದ್ದಾಗಲೂ ಕುಡಿದಿರಲಿಕ್ಕಿಲ್ಲ.

ದೀಪಾವಳಿಗೆ ಅವರು ಠಾಣೆಯ ಹೋಟೆಲಿನ ಮ್ಯಾನೇಜರ್ ಕೆಲಸ ಬಿಟ್ಟರು. ಇಪ್ಪತ್ತೆಂಟು ವರ್ಷ ಪ್ಲೇಟಿನ ಸದ್ದು ಕೇಳಿದ ಕಿವಿಗೆ ಇನ್ನಾದರೂ ಸ್ವಲ್ಪ ಒಳ್ಳೆಯದು ಕೇಳಿಸಬೇಕು ಎಂದು ಒಂದು ಜೊತೆ ಸ್ಪೀಕರ್ ಕೊಳ್ಳುವ ಆಸೆ ಹುಟ್ಟಿತು. ನಮ್ಮ ಹಾಲ್‌ಗೂ ಕಿಸೆಗೂ ಹೊಂದುವುದು ಪುಸ್ತಕದ ಕಪಾಟಿನಲ್ಲಿ ಇಡುವಷ್ಟು ಸಣ್ಣ ಬುಕ್‌ಶೆಲ್ಫ್ ಸ್ಪೀಕರ್ ಎಂದು ಯಾರೋ ಹೇಳಿದ್ದರಂತೆ. ಅಮ್ಮ ನನ್ನ ಕಪಾಟಿನ ಕಡೆ ನೋಡಿ, "ಅದು ಇವಳ ಪುಸ್ತಕ ಎಲ್ಲ ಓದಿ ಹೇಳ್ತದಾ? ಹಾಗಾದ್ರೆ ಇವಳ ಎಂಎ ದಂಡ ಆಯ್ತು" ಎಂದು ನಕ್ಕಳು. ಪಪ್ಪನಿಗೂ ನಗು ಬಂತು. ಮೊನ್ನೆ ಶನಿವಾರ ನನ್ನನ್ನು ಕರೆದುಕೊಂಡು ಠಾಣೆಗೆ ಹೊರಟರು. ಗಾಡಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಈಗಲಾದರೂ ಕೇಳುವ ಎಂದುಕೊಂಡೆ. ಕೋಪರಖೈರಣೆ ಸ್ಟೇಷನ್ ಬಂತು. ನಮ್ಮ ಹಳೆಯ ಒಂದು ಕೋಣೆಯ ಮನೆ ಇದ್ದ ಕಡೆಗೆ ಪಪ್ಪ ಮುಖ ತಿರುಗಿಸಿದರು, ಗಾಡಿ ಬಿಟ್ಟ ಮೇಲೂ ಅತ್ತಲೇ ನೋಡುತ್ತಿದ್ದರು. ನಾನು ಕೇಳಲಿಲ್ಲ.

ಅಂಗಡಿಯವ ಮೊದಲು ತನ್ನದೇ ಒಂದು ಹಾಡು ಹಾಕಿದ. ಗಾಜಿನ ಬಾಗಿಲು ನಡುಗಿತು. "ಇದು ಗಣಪತಿ ವಿಸರ್ಜನೆಗೆ ಆದೀತು" ಎಂದು ಪಪ್ಪ ನನ್ನ ಕಿವಿಯಲ್ಲಿ ಹೇಳಿ, ಅಂಗಿಯ ಕಿಸೆಯಿಂದ ಕಾಗದದಲ್ಲಿ ಸುತ್ತಿದ ಒಂದು ಸಿಡಿ ತೆಗೆದು ಅವನ ಕೈಗೆ ಕೊಟ್ಟರು. ಅದರ ಮೇಲೆ ಏನೂ ಬರೆದಿರಲಿಲ್ಲ. ಅವನು ಅದನ್ನು ಹಾಕಿದ. ಅಕ್ಕಾ, ಅದು ನೀನು. ಆರನೇ ಕ್ಲಾಸಿನಲ್ಲಿದ್ದಾಗ ಆ ಒಂದು ಕೋಣೆಯಲ್ಲಿ ಕೂತು ಭಜನೆ ಹಾಡಿದ್ದೆಯಲ್ಲ, ಪಪ್ಪ ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿ "ಶ್" ಅಂದಿದ್ದರಲ್ಲ, ಅದೇ ಕ್ಯಾಸೆಟ್. ಯಾವಾಗ ಸಿಡಿ ಮಾಡಿಸಿದರೋ, ಅಮ್ಮನಿಗೂ ಗೊತ್ತಿರಲಿಲ್ಲ. ನಾನು ಅವರ ಮುಖ ನೋಡಲಿಲ್ಲ. ಎದುರಿಗಿದ್ದ ವೈರಿನ ಸುರುಳಿಗಳನ್ನು ಎಣಿಸುತ್ತ ನಿಂತೆ.

ಮೊದಲನೆಯ ಜೊತೆಯಲ್ಲಿ ನೀನು ಕಂಬಳಿ ಹೊದ್ದುಕೊಂಡು ಹಾಡಿದಂತಿತ್ತು. ಎರಡನೆಯದರಲ್ಲಿ ಪ್ರತಿಯೊಂದು 'ಸ'ಕಾರವೂ ಚುರ್ ಎನ್ನುತ್ತಿತ್ತು. "ಇದರಲ್ಲಿ ಸಾಸಿವೆ ಸಿಡೀತದೆ" ಎಂದು ಪಪ್ಪ ತಲೆಯಾಡಿಸಿದರು. ಮೂರನೆಯದು ತೋರಿಸಲು ಇಟ್ಟಿದ್ದ ಮಾಲು, ಒಂದು ಮೂಲೆ ತರಚಿತ್ತು, ಅದಕ್ಕೇ ಅಗ್ಗ. ಅದರಲ್ಲಿ ನಿನ್ನ ಹಿಂದೆ ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತು. ಆಗ ಚಿಕ್ಕವಳಾಗಿದ್ದ ನಾನು ಸಣ್ಣಗೆ ಅಳುತ್ತಿದ್ದುದೂ ಕೇಳಿಸಿತು. ನೀನು ಸಾಲು ಮರೆತು "ಪಪ್ಪಾ, ಬೊಕ್ಕ?" ಎಂದು, ಮುಂದೇನು ಎಂದು, ಕೇಳಿದ್ದು ಅಲ್ಲೇ ಹತ್ತಿರದಲ್ಲಿ ಕೇಳಿದಂತಾಯಿತು. ಅಂಗಡಿಯವ ನಗುತ್ತ, "ಕಾಕಾ, ಯೇ ತೋ ಮೋನೋ ಹೈ. ದೋನೋ ಬಾಕ್ಸ್ ಮೇ ಏಕ್ ಹೀ ಆವಾಜ್. ಮಗರ್ ಇಧರ್ ಬೀಚ್ ಮೇ ಬೈಠೋ, ಹಿಲ್ನಾ ನಹೀ" ಎಂದು ಸ್ಟೂಲ್ ಎಳೆದುಕೊಟ್ಟ. ಪಪ್ಪ ಅಲುಗಾಡದೆ ನಡುವೆ ಕೂತರು. ಆಮೇಲೆ ನನ್ನನ್ನೂ ಕೂರಿಸಿದರು. ಎರಡೂ ಪೆಟ್ಟಿಗೆಯಿಂದ ಒಂದೇ ಸಮ ಬಂದ ಸ್ವರ ಯಾವ ಪೆಟ್ಟಿಗೆಯಿಂದಲೂ ಬಂದಂತೆ ಕೇಳುವುದಿಲ್ಲ ಅಕ್ಕಾ. ಏನೂ ಇಲ್ಲದ ನಡುವಿನ ಜಾಗದಿಂದ, ಅಲ್ಲಿ ಯಾರೋ ಕೂತು ಹಾಡಿದ ಹಾಗೆ ಬರುತ್ತದೆ. ಅದನ್ನೇ ಕೊಂಡೆವು. ಜೊತೆಗೊಂದು ಪುಟ್ಟ ಆಂಪ್ಲಿಫೈಯರ್.

ಮನೆಗೆ ಬಂದು ಪಪ್ಪ ಯಾರನ್ನೂ ಹತ್ತಿರ ಬಿಡದೆ ತಾವೇ ವೈರು ಜೋಡಿಸಿದರು. ಹಾಡು ಬಂತು, ಆದರೆ ಸ್ವರ ತೆಳ್ಳಗಾಗಿ ಗೋಡೆಗೆಲ್ಲ ಹರಡಿಹೋಗಿತ್ತು. ನಡುವೆ ಏನೂ ಇಲ್ಲ. ಕುರ್ಚಿಯನ್ನು ಹಿಂದೆ ಎಳೆದರು, ಮುಂದೆ ಎಳೆದರು, ಟೀಪಾಯಿ ಸರಿಸಿದರು. "ಊಟಕ್ಕಾದ್ರೂ ಜಾಗ ಬಿಡಿ ಮಾರಾಯ್ರೆ" ಎಂದು ಅಮ್ಮ ರೇಗಿಸಿದಳು. ಅರ್ಧ ಗಂಟೆಯ ನಂತರ ಆರಿಸಿ, "ಮುಲ್ಪ ಬರ್ಪುಜಲ್" ಎಂದು ಬಾಲ್ಕನಿಗೆ ಹೋದರು.

ಕನ್ನಡದಲ್ಲಾದರೆ 'ಇಲ್ಲಿ ಬರುವುದಿಲ್ಲ' ಎಂದಷ್ಟೇ ಆಗುತ್ತಿತ್ತು, ಏನು, ಯಾರು ಎಂದು ಗೊತ್ತಾಗುತ್ತಿರಲಿಲ್ಲ. ನಮ್ಮ ತುಳು ಹಾಗೆ ಮುಚ್ಚಿಡಲು ಬಿಡುವುದಿಲ್ಲ. ಸ್ವರಕ್ಕಾದರೆ 'ಬರ್ಪುಜಿ' ಅನ್ನಬೇಕು. ಪಪ್ಪ 'ಬರ್ಪುಜಲ್' ಎಂದರು. ಅವಳು ಬರುವುದಿಲ್ಲ ಎಂದರು. ಅಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಲಾಲ್ ಕೋ ಲಾಲ್, ಕಾಲೇ ಕೋ ಕಾಲಾ, ಉಲ್ಟಾ ಹುವಾ ತೋ ಆವಾಜ್ ಭಟಕ್ ಜಾಯೇಗೀ" ಎಂದು, ವೈರು ತಿರುವುಮುರುವಾದರೆ ಸ್ವರ ದಾರಿ ತಪ್ಪುತ್ತದೆ ಎಂದು, ಅಂಗಡಿಯವ ಹೇಳಿದ್ದು ನನಗೆ ನೆನಪಿತ್ತು. ನಿನ್ನೆ ಬೆಳಿಗ್ಗೆ ಪಪ್ಪ ಹಾಲು ತರಲು ಇಳಿದಾಗ ಪೆಟ್ಟಿಗೆಗಳ ಬೆನ್ನು ನೋಡಿದೆ. ಬಲಗಡೆಯದರಲ್ಲಿ ಕೆಂಪು ವೈರು ಕಪ್ಪಿಗೆ, ಕಪ್ಪು ಕೆಂಪಿಗೆ. ಬದಲಿಸಲು ಎರಡು ನಿಮಿಷ ಸಾಕಾಯಿತು. ಅವರ ಚಪ್ಪಲಿಯ ಸದ್ದು ಕೇಳಿದೊಡನೆ ಗುಂಡಿ ಒತ್ತಿ ಅಡುಗೆಮನೆಗೆ ಓಡಿದೆ. ಪಪ್ಪ ಹಾಲಿನ ಚೀಲ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತರು. ನೀನು "ಪಪ್ಪಾ, ಬೊಕ್ಕ?" ಅಂದೆ. ಕ್ಯಾಸೆಟ್ಟಿನ ಪಪ್ಪ ಮುಂದಿನ ಸಾಲು ಹೇಳಿಕೊಡುವುದಕ್ಕೆ ಮೊದಲೇ ಕುರ್ಚಿಯ ಪಪ್ಪ ಹೇಳಿಕೊಟ್ಟರು. ವೈರು ಯಾರು ಸರಿಮಾಡಿದ್ದು ಎಂದು ಕೇಳಲಿಲ್ಲ. ಮಧ್ಯಾಹ್ನ ನನ್ನ ಡಬ್ಬಿಯಿಂದ ಚಾಕ್‌ಪೀಸ್ ತೆಗೆದುಕೊಂಡು ಕುರ್ಚಿಯ ಕಡೆಗೆ ಹೋದರು.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಗಾಜಿನ ಸಾಮಾನನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟು. ಬೆನ್ನು ಬಗ್ಗಿಸಿ ಭಾರ ಎತ್ತಬೇಡ.

ನಿನ್ನ ತಂಗಿ,
ದಿಶಾ

ತಾ.ಕ.: ಅಂಚೆ ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಪಪ್ಪನನ್ನು ನಾನು ಕೇಳಿಲ್ಲ, ಇನ್ನು ಕೇಳುವುದೂ ಇಲ್ಲ. ಕೇಳಿದರೆ ಅವರು ಉತ್ತರ ಕೊಡಬೇಕಾಗುತ್ತದೆ. ಅಷ್ಟು ಜನರೆದುರು ಒಮ್ಮೆ ಬೇಡ ಎಂದವರ ಬಾಯಲ್ಲಿ ಹೂಂ ಅನ್ನಿಸುವುದು ಅವರಿಗೆ ಶಿಕ್ಷೆ ಕೊಟ್ಟ ಹಾಗೆ. ೨೬ನೇ ತಾರೀಕು ಭಾನುವಾರ, ಹನ್ನೊಂದು ಗಂಟೆಗೆ, ಭಾವನನ್ನೂ ಕರೆದುಕೊಂಡು ಬಾ. ಅಮ್ಮನಿಗೂ ಹೇಳಿಲ್ಲ. ಬಾಗಿಲು ನಾನು ತೆಗೆಯುತ್ತೇನೆ. ಪಪ್ಪ ಎದ್ದು ಒಳಕೋಣೆಗೆ ಹೋದರೆ ಹೋಗಲಿ, ನೀನು ಮಾತ್ರ ಹೊಸ್ತಿಲಲ್ಲಿ ನಿಂತು ಯಾರನ್ನೂ ಏನೂ ಕೇಳಬೇಡ, ಚಪ್ಪಲಿ ಕಳಚಿ ಸೀದಾ ಒಳಗೆ ಬಾ.